ವೀರಗಲ್ಲಿಗೆ ಪೇಂಟ್ ಹಚ್ಚಬಹುದೇ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಅರವತ್ತು ಮನೆಗಳ ಹಳ್ಳಿ. ಊರಿನ ಚರಿತ್ರೆ ಬರೆಯಲು ಹುಡುಗರೆಲ್ಲ ಸೇರಿದ್ದೇವೆ. ಕೆರೆ ಏರಿ ಮೇಲೊಂದು ವೀರಗಲ್ಲಿದೆ, ಅಕ್ಷರ ಸವೆದಿದೆ. ಪೇಂಟ್ ತುಂಬಿ ಓದಬಹುದೇ? ಬೇರೆ ದಾಖಲೆ ಎಲ್ಲಿ ಹುಡುಕಬೇಕು?

ಉತ್ತರ: ಪೇಂಟ್ ಖಂಡಿತ ಬೇಡ. ಸುಣ್ಣ, ಆಸಿಡ್, ತಂತಿ ಬ್ರಷ್ಷೂ ಬೇಡ. ಬಣ್ಣ ತುಂಬುವವರು ತಮಗೆ ಕಂಡ ಗೆರೆಯನ್ನಷ್ಟೇ ತುಂಬುತ್ತಾರೆ. ಸವೆದ ಒತ್ತಕ್ಷರ ಮುಚ್ಚಿಹೋಗಿ, ಮುಂದೆ ಬರುವವರು ಆ ತಪ್ಪನ್ನೇ ಓದುತ್ತಾರೆ. ನೀರು, ಮೆತ್ತನೆಯ ಬ್ರಷ್ ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೇ ಹಿಡಿದು ಬೆಳಕು ಅಡ್ಡಲಾಗಿ ಹರಿಯುವಂತೆ ಮಾಡಿ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಬೇರೆಬೇರೆ ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಎದ್ದು ಬರುತ್ತದೆ.

ವೀರಗಲ್ಲಿನ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಕೆಳಗೆ ದನಗಳಿದ್ದರೆ ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದವನೆಂದು ತಿಳಿಯಬಹುದು. ಬರಹ ಹೆಚ್ಚಾಗಿ ನಡುವಣ ಪಟ್ಟಿಗಳಲ್ಲಿರುತ್ತದೆ.

ಶಕವರ್ಷ ಸಿಕ್ಕರೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣವಾದರೆ 79, ಏಕೆಂದರೆ ಅಷ್ಟರಲ್ಲಿ ಕ್ರಿಸ್ತಶಕದ ವರ್ಷ ಬದಲಾಗಿರುತ್ತದೆ. ಸಂವತ್ಸರದ ಹೆಸರನ್ನು ತಪ್ಪದೆ ತಾಳೆ ನೋಡಿ. ಬೇಲೂರಿನ ಶಾಸನದ ಶಕ 1039 ಹೇವಿಳಂಬಿ, ಅಂದರೆ 1117. ಅಂಕಿಯೊಂದು ಸವೆದಿದ್ದರೂ ಸಂವತ್ಸರ ದಾರಿ ತೋರಿಸುತ್ತದೆ, ಆದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಲಿಪಿಯ ಕಾಲವನ್ನೂ ಬಲ್ಲವರಿಂದ ಕೇಳಿ.

ಇಷ್ಟೆಲ್ಲ ಮಾಡುವ ಮೊದಲು ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ. ಹಾಸನ ಜಿಲ್ಲೆಯದು 5ನೇ ಸಂಪುಟ, 1902ರದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ ಇವೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇರುತ್ತದೆ. ನಿಮ್ಮೂರಿನ ಹೆಸರಲ್ಲಿ ಸಿಗದಿದ್ದರೆ ಪಕ್ಕದೂರಿನ ಹೆಸರಲ್ಲಿ ಹುಡುಕಿ.

ಆಮೇಲೆ ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಗ್ರಾಮನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಪ್ರತಿಗೆ ಅರ್ಜಿ ಕೊಡಿ. ಈಗಿನ ಪಹಣಿಯೊಂದನ್ನೇ ನೋಡಿದರೆ ಹಳೆಯ ಊರು ಕಾಣುವುದಿಲ್ಲ. ಹಳೆಯ ರಿಜಿಸ್ಟರುಗಳಲ್ಲಿ ತೋಟಿ, ತಳವಾರ, ನೀರಗಂಟಿ ಇನಾಮುಗಳ (ಊರ ಸೇವೆಗೆ ಬಿಟ್ಟ ಜಮೀನುಗಳ) ಸರ್ವೆ ನಂಬರ್ ಗುರುತಿಸಿಕೊಳ್ಳಿ. ಕೆರೆ ನೀರು ಹಂಚಿದವರು, ಊರು ಕಾದವರು ಯಾರೆಂಬುದು ದೇವಸ್ಥಾನದ ಕಥೆಗಳಲ್ಲಿ ಅಪರೂಪ. ಈ ಪುಟಗಳಲ್ಲಿ ಅವರಿದ್ದಾರೆ. ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕಿದ ಗ್ರಾಮಾಧಿಕಾರ ರದ್ದತಿ ಕಾಯಿದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ರಿಜಿಸ್ಟರನ್ನೇ ಕೇಳಿ.