ಓದುಗರ ಪ್ರಶ್ನೆ: ಬೋಟಿನ ಸ್ಟೀರಿಯೊ ಬದಲಿಸುವಾಗ

ಪ್ರಶ್ನೆ: ನಮ್ಮದು 24 ಅಡಿಯ ಫೈಬರ್ ಬೋಟು. ಶರಾವತಿ ಅಳಿವೆಯಲ್ಲಿ ಪ್ರವಾಸಿಗರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಲು ಓಡಿಸುತ್ತೇವೆ. ಹಾಕಿದ್ದ ಕಾರಿನ ಸ್ಪೀಕರುಗಳು ಎರಡನೇ ಮಳೆಗಾಲಕ್ಕೇ ಗೊರಗೊರ ಎನ್ನುತ್ತಿವೆ. ಈಗ ಡಬ್ಬದ ಮೇಲೆ 1000 ವ್ಯಾಟ್ ಎಂದು ಬರೆದ ಸೆಟ್ ಹಾಕೋಣವೇ? ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್.
– ಓದುಗರು, ಹೊನ್ನಾವರ

ಉತ್ತರ: ಬೇಡ. ಆ 1000 ವ್ಯಾಟ್ ಒಂದು ಕ್ಷಣದ ಪೀಕ್ ಲೆಕ್ಕ. ನೀವು ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸೆಟ್ಟು ಎಡೆಬಿಡದೆ ಕೊಡಬಲ್ಲ ಶಕ್ತಿ. ನಿಮ್ಮ ಬೋಟಿಗೆ ಚಾನೆಲ್ಲಿಗೆ 50 ವ್ಯಾಟ್ ಆರ್‌ಎಂಎಸ್ ಇರುವ ನಾಲ್ಕು ಚಾನೆಲ್ಲಿನ ಕ್ಲಾಸ್-ಡಿ (ಕರೆಂಟು ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ಮತ್ತು ಆರೂವರೆ ಇಂಚಿನ ನಾಲ್ಕು ಮರೀನ್ ಸ್ಪೀಕರ್ ಧಾರಾಳವಾಯಿತು.

ಕಾರಿನಲ್ಲಿ ಗಾಜು, ಚಾವಣಿ ಸೇರಿ ಶಬ್ದವನ್ನು ಹಿಡಿದಿಡುತ್ತವೆ. ಬೋಟಿನಲ್ಲಿ ಅದು ಬಯಲಿಗೆ ಹೋಗಿಬಿಡುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಎರಡೇ ಸ್ಪೀಕರನ್ನು ಮುಂದೆ ಹಾಕಿ ಜೋರು ಮಾಡಿದರೆ ಮುಂದಿನ ಸೀಟಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರಿಗೆ ಎಂಜಿನ್ ಸದ್ದು ಮಾತ್ರ. ಎರಡೂ ಮಗ್ಗುಲಲ್ಲಿ ಎರಡೆರಡು ಸ್ಪೀಕರನ್ನು ಕೂತವರ ಹತ್ತಿರವೇ ಕೂರಿಸಿ, ದನಿ ಕಡಿಮೆ ಇಡಿ. ಹಾಡು ಕೇಳಿಸುತ್ತದೆ, ಲೈಫ್ ಜಾಕೆಟ್ ಕಟ್ಟಿಕೊಳ್ಳಿ ಎಂಬ ಮಾತೂ ಕೇಳಿಸುತ್ತದೆ, ಕಾಂಡ್ಲಾದ ಹಕ್ಕಿಗಳೂ ಎದ್ದು ಹೋಗುವುದಿಲ್ಲ. ಆ ಕಾಡು ಮೌನವಾಗಿರುವುದೇ ನಿಮ್ಮ ವ್ಯಾಪಾರದ ಬಂಡವಾಳವಲ್ಲವೇ?

ಹಳೆಯ ಸ್ಪೀಕರನ್ನು ಬಿಚ್ಚಿ ನೋಡಿ. ಕೋನಿನ ಅಂಚಿನ ಫೋಮ್ ಬೆರಳು ತಾಗಿದರೆ ಪುಡಿಯಾಗುತ್ತಿರಬಹುದು. ಕಾಗದದ ಕೋನ್ ನೀರು ಕುಡಿದು ಊದುತ್ತದೆ, ಅಯಸ್ಕಾಂತದ ಸುತ್ತ ಎದ್ದ ತುಕ್ಕು ಕಾಯಿಲ್‌ಗೆ ಉಜ್ಜುತ್ತದೆ. ಗೊರಗೊರ ಬರುವುದು ಅಲ್ಲಿಂದಲೇ. ಕೊಳ್ಳುವಾಗ ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು, ಕನಿಷ್ಠ ಐಪಿಎಕ್ಸ್5 ದರ್ಜೆ (ಎರಚಿದ ನೀರು ತಾಳುವ ಗುರುತು), ಬಿಸಿಲಿಗೆ ಬಿರುಕು ಬಿಡದ ಗ್ರಿಲ್, ಉಪ್ಪುಮಂಜಿನ ಪರೀಕ್ಷೆ ಆಗಿರುವ ಗುರುತು ನೋಡಿ. ಸೆನ್ಸಿಟಿವಿಟಿಯನ್ನೂ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದನ್ನೂ ಹೋಲಿಸಿ: 88 ಡೆಸಿಬೆಲ್‌ನ ಸ್ಪೀಕರಿಗಿಂತ 91ರದ್ದು ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಕೊಡುತ್ತದೆ. ಬ್ಯಾಟರಿಗೆ ಅದೇ ಉಳಿತಾಯ.

ಸಬ್‌ವೂಫರ್ ಬಿಟ್ಟುಬಿಡಿ. ತೆರೆದ ಬೋಟಿನಲ್ಲಿ ಅದು ಕರೆಂಟು ತಿನ್ನುವಷ್ಟು ಬೇಸ್ ಕೊಡುವುದಿಲ್ಲ. ಆಂಪ್ಲಿಫೈಯರಿನ ಹೈ-ಪಾಸ್ ಫಿಲ್ಟರನ್ನು (ತೀರ ತಗ್ಗಿನ ಸ್ವರಗಳನ್ನು ತಡೆಯುವಂಥದ್ದು) 80 ಹರ್ಟ್ಸ್‌ಗೆ ಇಡಿ, ಸಣ್ಣ ಕೋನುಗಳು ಹರಿಯದೆ ಬಾಳುತ್ತವೆ. ಮುಂದೆ ಇನ್ನೆರಡು ಸ್ಪೀಕರ್ ಸೇರಿಸುವ ಯೋಚನೆಯಿದ್ದರೆ ಆಂಪ್ಲಿಫೈಯರ್ 2 ಓಮ್‌ನಷ್ಟು ಕಡಿಮೆ ತಡೆಯನ್ನು (ರೆಸಿಸ್ಟೆನ್ಸ್) ತಾಳುತ್ತದೆಯೇ ಎಂದು ಈಗಲೇ ಕೇಳಿ. 4 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ. ತಾಳದ ಸೆಟ್ಟು ಕಾದು ಕಾದು ನಿಂತುಹೋಗುತ್ತದೆ.

ಕರೆಂಟಿನ ಲೆಕ್ಕ ಹೀಗೆ. ಒಟ್ಟು 200 ವ್ಯಾಟ್. ಕ್ಲಾಸ್-ಡಿ ದಕ್ಷತೆ ಸುಮಾರು 80 ಶೇಕಡ ಎಂದರೆ ಬ್ಯಾಟರಿಯಿಂದ 250 ವ್ಯಾಟ್, ಅಂದರೆ ತುಂಬು ಜೋರಿನಲ್ಲಿ ಸುಮಾರು 21 ಆಂಪಿಯರ್. ಹಾಡಿನ ಸರಾಸರಿ ಅದರ ಮೂರನೇ ಒಂದಕ್ಕಿಂತ ಮೇಲೆ ಹೋಗುವುದು ಅಪರೂಪ, 7 ಆಂಪಿಯರ್ ಎಂದಿಟ್ಟುಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ 100ರಲ್ಲಿ 50 ಮಾತ್ರ ನಿಮ್ಮದು, ಸುಮಾರು ಏಳು ಗಂಟೆ. ಎಂಜಿನ್ ಸ್ಟಾರ್ಟ್ ಮಾಡಲು ಬೇರೆ ಬ್ಯಾಟರಿ ಇರಲೇಬೇಕು. ಹಾಡು ಕೇಳಿ ಕೇಳಿ ಅಳಿವೆಯ ನಡುವೆ ಸ್ಟಾರ್ಟರ್ ತಿರುಗದೆ ನಿಲ್ಲುವುದು ಪ್ರಯಾಣಿಕರ ಜೀವದ ಪ್ರಶ್ನೆ.

ಹೆಚ್ಚಿನ ಕಡೆ ಕೆಡುವುದು ಸೆಟ್ಟಲ್ಲ, ವೈರು. ಮನೆಯ ವೈರನ್ನು ಬೋಟಿಗೆ ಎಳೆದು ಎರಡು ವರ್ಷ ಬಿಟ್ಟು ಸುಲಿದು ನೋಡಿ: ತುದಿಯಲ್ಲಿ ಹಸಿರು ಕಿಲುಬು, ಒಳಗೆ ಗೇಣುದ್ದದವರೆಗೂ ಕಪ್ಪಾದ ತಾಮ್ರ. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರಿರುತ್ತದೆ. ತವರ ಲೇಪಿಸಿದ ತಾಮ್ರದ ವೈರನ್ನೇ ತನ್ನಿ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ 5 ಮೀಟರ್ ಇದ್ದರೆ ಹೋಗಿ ಬರುವ ದಾರಿ 10 ಮೀಟರ್. 20 ಆಂಪಿಯರಿಗೆ 6 ಚದರ ಮಿ.ಮೀ. ವೈರು 0.6 ವೋಲ್ಟ್ ನುಂಗುತ್ತದೆ, 10 ಚದರ ಮಿ.ಮೀ.ನದು 0.37. ಎರಡನೆಯದನ್ನೇ ಹಾಕಿ. ಬ್ಯಾಟರಿಯ ಪಾಸಿಟಿವ್ ತುದಿಯಿಂದ 18 ಸೆಂ.ಮೀ. ಒಳಗೆ 30 ಆಂಪಿಯರಿನ ಫ್ಯೂಸು ಇರಲಿ. ವೈರು ಉಜ್ಜಿ ಶಾರ್ಟ್ ಆದಾಗ ಬೋಟು ಸುಡದಂತೆ ಕಾಯುವುದು ಅದೊಂದೇ. ಪೆಟ್ರೋಲ್ ಟ್ಯಾಂಕಿನ ಗೂಡಿನಲ್ಲಿ ಆಂಪ್ಲಿಫೈಯರ್ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅಲ್ಲೇ ತಳದಲ್ಲಿ ಕೂರುತ್ತದೆ.

ತೂತು ಕೊರೆಯುವ ಮೊದಲು ಸ್ಪೀಕರಿನ ಆಳ ಅಳೆಯಿರಿ, ಹಿಂದೆ ಕೇಬಲ್, ಟ್ಯಾಂಕು ಇಲ್ಲವೆಂದು ಕೈ ಹಾಕಿ ನೋಡಿ. ಫೈಬರಿನ ನಡುವೆ ಪ್ಲೈವುಡ್ ಇದ್ದರೆ ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯಿರಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಅದನ್ನು ಮುಟ್ಟಬೇಡಿ. ಪ್ರತಿ ವೈರೂ ಸ್ಪೀಕರಿಗೆ ಸೇರುವ ಮುನ್ನ ಕೆಳಗೆ ಬಾಗಿ ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ. ಪ್ರೆಶರ್ ವಾಷರನ್ನು ಸ್ಪೀಕರಿನ ಮುಖಕ್ಕೆ ಹಿಡಿಯಬೇಡಿ.

ಪ್ರಶ್ನೆ: ಎಂಜಿನ್ ವೇಗ ಹೆಚ್ಚಿಸಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದೂ ಏರುತ್ತದೆ. ಸೆಟ್ಟು ಹೊಸದು.
– ಓದುಗರು, ಮಲ್ಪೆ

ಉತ್ತರ: ಎಂಜಿನ್ನಿನ ಚಾರ್ಜಿಂಗ್‌ನ ಗದ್ದಲ ಒಳಗೆ ನುಸುಳುತ್ತಿದೆ. ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ದಾರಿ ಅದೇ. ಆಮೇಲೆ ಆಂಪ್ಲಿಫೈಯರಿನಿಂದ ಆರ್‌ಸಿಎ ಕೇಬಲ್ (ಹೆಡ್ ಯೂನಿಟ್, ಅಂದರೆ ಹಾಡು ನುಡಿಸುವ ಮುಖ್ಯ ಸೆಟ್ಟಿನಿಂದ ಸದ್ದು ತರುವ ತಂತಿ) ತೆಗೆಯಿರಿ. ಸದ್ದು ನಿಂತರೆ ತಪ್ಪು ಕೇಬಲ್ಲಿನಲ್ಲೋ ಹೆಡ್ ಯೂನಿಟ್ಟಿನ ಅರ್ಥಿನಲ್ಲೋ ಇದೆ. ಹೆಡ್ ಯೂನಿಟ್ ಮತ್ತು ಆಂಪ್ಲಿಫೈಯರ್ ಎರಡರ ನೆಗೆಟಿವನ್ನೂ ಒಂದೇ ಬಿಂದುವಿಗೆ ತನ್ನಿ. ಆರ್‌ಸಿಎಯನ್ನು ಪವರ್ ವೈರಿನ ಜತೆ ಕಟ್ಟದೆ ಇನ್ನೊಂದು ಮಗ್ಗುಲಲ್ಲಿ ಎಳೆಯಿರಿ. ಆರ್‌ಸಿಎ ದಾರಿಯಲ್ಲಿ ಹಾಕಿ ಗದ್ದಲ ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಕೊನೆಯ ಉಪಾಯ.

ಪ್ರಶ್ನೆ: ಚುಕ್ಕಾಣಿಯ ಪಕ್ಕ ಸ್ಪೀಕರ್ ಹಾಕಬಹುದೇ?
– ಓದುಗರು, ಕಾರವಾರ

ಉತ್ತರ: ಬೇಡ. ಅಲ್ಲಿ ವಿಎಚ್‌ಎಫ್ ರೇಡಿಯೊದ ಚಾನೆಲ್ 16 (ತುರ್ತು ಕರೆಯ ಚಾನೆಲ್) ಸ್ಪಷ್ಟವಾಗಿ ಕೇಳಬೇಕು. ಜತೆಗೆ ಸ್ಪೀಕರಿನ ಅಯಸ್ಕಾಂತ ದಿಕ್ಸೂಚಿಯನ್ನು ತಪ್ಪಿಸುತ್ತದೆ. ಬೇರೆ ಜಾಗ ಆರಿಸಿದಾಗಲೂ ಕೊರೆಯುವ ಮೊದಲು ಸ್ಪೀಕರನ್ನು ಅಲ್ಲಿ ಕೈಯಲ್ಲಿ ಹಿಡಿದು, ಇನ್ನೊಬ್ಬರಿಗೆ ದಿಕ್ಸೂಚಿ ನೋಡಲು ಹೇಳಿ. ಮುಳ್ಳು ಒಂದಿಷ್ಟೇ ಕದಲಿದರೂ ಇನ್ನೂ ದೂರ ಸರಿಸಿ.