ಇರ್ವಿನ್ ಕಾಬ್ ಅನುವಾದ: ನಗು ಎಲ್ಲಿ ಸೋರಿಹೋಗುತ್ತದೆ

ಅಮೆರಿಕದ ಹಾಸ್ಯ ಲೇಖಕ ಇರ್ವಿನ್ ಎಸ್. ಕಾಬ್ ಅವರ ಯುರೋಪ್ ಪ್ರವಾಸದ ಪುಸ್ತಕ ‘ಯುರೋಪ್ ರಿವೈಸ್ಡ್’ ಕನ್ನಡಕ್ಕೆ ತರುತ್ತಿದ್ದೇನೆ, ಇಂಗ್ಲಿಷಿನಲ್ಲಿ ನಕ್ಕ ಜಾಗವೆಲ್ಲ ಕನ್ನಡದಲ್ಲಿ ಸಪ್ಪೆಯಾಗುತ್ತಿದೆ, ಹಕ್ಕಿನ ತೊಡಕೂ ಇದೆಯಾ ಅಂತ ಕೇಳಿದ್ದೀರಿ.

ಹಕ್ಕಿನ ತೊಡಕಿಲ್ಲ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಲೆಕ್ಕ. ಕಾಬ್ ತೀರಿಕೊಂಡದ್ದು 1944ರಲ್ಲಿ, ಪುಸ್ತಕಕ್ಕೆ ಚಿತ್ರ ಬರೆದ ಜಾನ್ ಮೆಕಚನ್ 1949ರಲ್ಲಿ. 2009ರ ಕೊನೆಗೆ ಎರಡೂ ಮುಗಿದಿವೆ. ಚಿತ್ರ ಬೇಕಿದ್ದರೆ 1914ರ ಮುದ್ರಣದ ಸ್ಕ್ಯಾನ್ ಹುಡುಕಿ. ಬರೀ ಪಠ್ಯದ ಕಡತದಲ್ಲಿ ಚಿತ್ರ ಇರುವುದಿಲ್ಲ.

ಆದರೆ ಶುರು ಮಾಡಬೇಕಾದ್ದು ಆ ಪುಸ್ತಕದಿಂದಲ್ಲ. ಅದೇ ವರ್ಷ ಬಂದ ‘ರಫಿಂಗ್ ಇಟ್ ಡಿ ಲಕ್ಸ್’ ತಗೊಳ್ಳಿ. ಐದೇ ಅಧ್ಯಾಯ, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಅಮೆರಿಕದ ದೊಡ್ಡ ಕಣಿವೆ ಮತ್ತು ಕ್ಯಾಲಿಫೋರ್ನಿಯಾ ಪ್ರವಾಸ. ಮಾರ್ಕ್ ಟ್ವೇನ್ 1872ರಲ್ಲಿ ಬರೆದ ‘ರಫಿಂಗ್ ಇಟ್’ ಪುಸ್ತಕದಲ್ಲಿ ಕುದುರೆ ಗಾಡಿಯಲ್ಲಿ ಪಶ್ಚಿಮಕ್ಕೆ ಹೋದ ಪಾಡಿದೆ. ಕಾಬ್ ಹೋದದ್ದು ಸುಖವಾದ ರೈಲಿನಲ್ಲಿ. ‘ರಫಿಂಗ್ ಇಟ್’ ಅಂದರೆ ಸೌಕರ್ಯವಿಲ್ಲದೆ ಕಷ್ಟದಲ್ಲಿ ದಿನ ದೂಡುವುದು. ಹಾಗಾಗಿ ಪುಸ್ತಕದ ಹೆಸರನ್ನು ‘ಐಷಾರಾಮದ ವನವಾಸ’ ಅಂದರೆ ಏಟು ನೇರ ಬೀಳುತ್ತದೆ.

ಸಪ್ಪೆಯಾಗುವ ಮುಖ್ಯ ಕಾರಣ ವಾಕ್ಯದ ಜೋಡಣೆ. ಕಾಬ್ ನಗುವಿನ ಪದವನ್ನು ಉದ್ದ ವಾಕ್ಯದ ಬಾಲದಲ್ಲಿ ಇಟ್ಟಿರುತ್ತಾರೆ. ನಾವು ಅದನ್ನು ಒಂದೇ ವಾಕ್ಯ ಮಾಡಲು ಹೋದಾಗ ಬಾಲದ ಮಾತು ವಿಶೇಷಣವಾಗಿ ತಲೆಗೆ ಬಂದು ಕೂರುತ್ತದೆ. ನಾನೇ ಕಟ್ಟಿದ ಮಾದರಿ ನೋಡಿ: ‘ಇಲ್ಲದ ಬಿಸಿನೀರೊಂದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಹೋಟೆಲಿನವರು ದುಡ್ಡು ಕೇಳಿದರು.’ ಮೊದಲ ಪದದಲ್ಲೇ ಗುಟ್ಟು ರಟ್ಟು. ಒಡೆದು ಬರೆಯಿರಿ: ‘ಹೋಟೆಲಿನವರು ಎಲ್ಲದಕ್ಕೂ ದುಡ್ಡು ಕೇಳಿದರು. ಬಿಸಿನೀರಿಗೆ ಮಾತ್ರ ಕೇಳಲಿಲ್ಲ. ಬಿಸಿನೀರು ಇರಲಿಲ್ಲ.’ ಕೊನೆಗೆ ‘ಎಂದು ಹೇಳುತ್ತಾರೆ’ ಅಂತ ಬಾಲ ಅಂಟಿಸಿದರೂ ನಗು ಸಾಯುತ್ತದೆ.

ಎರಡನೆಯ ತೊಡಕು ಶ್ಲೇಷೆ. ‘ರಫಿಂಗ್ ಇಟ್ ಡಿ ಲಕ್ಸ್’ನ ಮೊದಲ ಅಧ್ಯಾಯದ ಹೆಸರಿನಲ್ಲಿ ಕ್ಯಾನ್ಯನ್ ಎಂಬ ಪದ ‘ಕ್ಯಾನನೈಸ್ಡ್’ (ಸಂತಪದವಿ ಪಡೆದ) ಎಂಬ ಪದದೊಳಗೆ ಅಡಗಿದೆ. ‘ಕಣಿವೆಯಲ್ಲಿ ಕೈವಲ್ಯ’ ಎಂದರೆ ಎರಡೂ ಬರುತ್ತವೆ. ‘ಯುರೋಪ್ ರಿವೈಸ್ಡ್’ನಲ್ಲಿ ಹಳೆಯ ಹಾಡಿನ ‘ಲೈಸ್’ ಹಿಡಿದು ಮಲಗುವುದನ್ನೂ ಸುಳ್ಳು ಹೇಳುವುದನ್ನೂ ಒಂದು ಮಾಡಿದ್ದಾರೆ. ಅದು ಕನ್ನಡದಲ್ಲಿ ಆಗದು. ಅಲ್ಲಿ ಬಿಟ್ಟು, ಕನ್ನಡ ತಾನಾಗಿ ಜಾಗ ಕೊಡುವ ಇನ್ನೊಂದು ವಾಕ್ಯದಲ್ಲಿ ತೀರಿಸಿಕೊಳ್ಳಿ. ಅಡಿಟಿಪ್ಪಣಿ ಹಾಕಿ ವಿವರಿಸಿದರೆ ಯಾರೂ ನಗುವುದಿಲ್ಲ.

ಅಡಿಟಿಪ್ಪಣಿ ಬೇಕಾದ್ದು ಬೇರೆ ಕಡೆ. ‘ರಫಿಂಗ್ ಇಟ್ ಡಿ ಲಕ್ಸ್’ನ ‘ಲುಕಿಂಗ್ ಫಾರ್ ಲೋ’ ಅಧ್ಯಾಯದ ‘ಲೋ’ ನಮ್ಮ ‘ಲೋ’ ಅಲ್ಲ. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಪದ್ಯದಲ್ಲಿ ಅದು ‘ನೋಡು’ ಎನ್ನುವ ಉದ್ಗಾರ. ಅಮೆರಿಕದವರು ಅದನ್ನೇ ಮೂಲನಿವಾಸಿಗಳಿಗೆ ಹೆಸರಾಗಿಸಿ ಗೇಲಿ ಮಾಡುತ್ತಿದ್ದರು. ಆ ತಾತ್ಸಾರವನ್ನು ತೊಳೆದು ಮೃದು ಮಾಡಬೇಡಿ, ಹಾಗೇ ಇಟ್ಟು ಟಿಪ್ಪಣಿ ಕೊಡಿ. ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವಾದದ್ದು 1919ರಲ್ಲಿ, ಪುಸ್ತಕ ಬಂದ ಐದು ವರ್ಷಕ್ಕೆ. ಅನುವಾದದ ಒಳಗೆ ಆ ಹೆಸರು ನುಸುಳದಂತೆ ನೋಡಿಕೊಳ್ಳಿ. ಡಾಲರನ್ನು ರೂಪಾಯಿ ಮಾಡಬೇಡಿ, ಮೈಲಿಯನ್ನು ಕಿಲೋಮೀಟರ್ ಮಾಡುವುದೂ ಬೇಡ.