ಗೋಪುರದ ಗಡಿಯಾರಕ್ಕೆ ಎಷ್ಟು ಸಲ ಗಂಟೆ ಬಾರಿಸಬೇಕೆಂದು ಹೇಗೆ ಗೊತ್ತಾಗುತ್ತದೆ?

ಒಳಗೆ ಬೇರೆ ಬೇರೆ ಗೇರುಗಳ ಎರಡು ಸಾಲುಗಳಿರುತ್ತವೆ, ಎರಡನ್ನೂ ಎಳೆಯುವುದು ತೂಗುಬಿಟ್ಟ ಭಾರಗಳು. ಒಂದು ಸಾಲು ಮುಳ್ಳುಗಳನ್ನು ತಿರುಗಿಸುತ್ತದೆ, ಅದರ ವೇಗವನ್ನು ಲೋಲಕ ಹಿಡಿದಿಡುತ್ತದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರದ ಲೋಲಕದ ಮೇಲೆ ಒಂದು ಹಳೆಯ ಪೆನ್ನಿ ನಾಣ್ಯ ಇಟ್ಟರೂ ಸಾಕು, ದಿನಕ್ಕೆ ಸುಮಾರು 0.4 ಸೆಕೆಂಡ್ ಮುಂದೆ ಓಡುತ್ತದೆ!

ಇನ್ನೊಂದು ಬಾರಿಸುವ ಸಾಲು. ಗಂಟೆ ತುಂಬಿದಾಗ ಒಂದು ಸನ್ನೆಕೋಲು ಇದರ ಅಗುಳಿ ಎತ್ತುತ್ತದೆ. ಭಾರ ಇಳಿಯುತ್ತಾ ಸುತ್ತಿಗೆಯನ್ನು ಎತ್ತಿ ಎತ್ತಿ ಬೀಳಿಸುತ್ತದೆ. ನಿಲ್ಲಿಸುವುದು? ಹಳೆಯ ಗಡಿಯಾರಗಳಲ್ಲಿ, ಅಂಚಿನಲ್ಲಿ ಕಚ್ಚುಗಳಿರುವ ಎಣಿಕೆ ಚಕ್ರ. ಕಚ್ಚುಗಳ ನಡುವಿನ ಅಂತರ ಹಂತಹಂತವಾಗಿ ಹೆಚ್ಚುತ್ತದೆ, ಅಗುಳಿ ಮುಂದಿನ ಕಚ್ಚಿಗೆ ಬೀಳುವವರೆಗೂ ಬಡಿತ. 1ರಿಂದ 12ರವರೆಗೆ ಒಟ್ಟು 78 ಪೆಟ್ಟು, ಚಕ್ರಕ್ಕೆ ಒಂದು ಸುತ್ತು. ತಮಾಷೆಯೆಂದರೆ ಮುಳ್ಳು ಎಲ್ಲಿದೆಯೆಂಬುದು ಈ ಚಕ್ರಕ್ಕೆ ಗೊತ್ತೇ ಇಲ್ಲ. ಬಾರಿಸುವ ಭಾರ ನೆಲ ಮುಟ್ಟಿ 3 ಮತ್ತು 4ರ ಬಡಿತ ತಪ್ಪಿತೋ, ಮತ್ತೆ ಕೀಲಿ ಕೊಟ್ಟಾಗ 5ಕ್ಕೆ 3 ಹೊಡೆಯುತ್ತದೆ.